ಬೈಂಡರಮ್ಮನ ಮಾತ್ರೆ

ನಲವತ್ತೊಂದು ವರ್ಷ ಆಕೆ ಅಚ್ಚುಮನೆಯಲ್ಲಿ ಫಾರಂ ಮಡಿಸಿದ್ದಳು. ಅಚ್ಚಾಗಿ ಬಂದ ಆ ದೊಡ್ಡ ಹಾಳೆ ಮೂರು ಮಡಿಕೆಗೆ ಹದಿನಾರು ಪುಟವಾಗುತ್ತಿತ್ತು. ಅಂಚಿನ ಮೇಲೆ ಹೆಬ್ಬೆರಳು ಒಮ್ಮೆ ಓಡಿದರೆ ಮುಗಿಯಿತು. ಪುಟ ಹಿಂದುಮುಂದಾದರೆ ಮಾಲೀಕನಿಗಿಂತ ಮೊದಲು ಅವಳೇ ಸಿಡುಕುವಳು. ಎಲ್ಲರ ಬಾಯಲ್ಲೂ ಅವಳು ಬೈಂಡರಮ್ಮ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಆ ಹೆಬ್ಬೆರಳೇ.

ಎಪ್ಪತ್ತೆಂಟಕ್ಕೆ ನೆನಪು ಸಡಿಲವಾಯಿತು. ಒಲೆ ಹೊತ್ತಿಸಿ ಮರೆತಳು, ಎರಡು ಸಲ ದಾರಿ ತಪ್ಪಿದಳು. ಹೊಲಿಗೆ ಕಾರ್ಖಾನೆಗೆ ಹೋಗುವ ಮಗಳು, ಬೇರೆ ದಾರಿ ಕಾಣದೆ, ವೃದ್ಧರ ಆರೈಕೆಮನೆಗೆ ಸೇರಿಸಿದಳು.

ಅಲ್ಲಿ ಹನ್ನೊಂದು ಮಂಚ. ಪ್ರತಿ ಮಂಚದ ಕಾಲ್ದೆಸೆಯಲ್ಲೂ ಔಷಧಿಯ ಹಾಳೆಗಳು ಕ್ಲಿಪ್ಪಿಗೆ ಸಿಕ್ಕಿ ತೂಗುತ್ತಿದ್ದವು. ಬಿಡಿ ಹಾಳೆ ಕಂಡು ಅವಳು ಸುಮ್ಮನಿರುವುದುಂಟೆ? ಒಂದು ಮಧ್ಯಾಹ್ನ ನರ್ಸ್ ಊಟಕ್ಕೆ ಹೋದಾಗ ಎಲ್ಲವನ್ನೂ ಬಿಡಿಸಿ ತಂದು, ಪುಟಸಂಖ್ಯೆ ನೋಡಿ ಜೋಡಿಸಿದಳು: ಎಲ್ಲರ ಒಂದನೇ ಪುಟ ಒಟ್ಟಿಗೆ, ಎಲ್ಲರ ಎರಡನೇ ಪುಟ ಒಟ್ಟಿಗೆ. ಹೇರ್‌ಪಿನ್ನಿನಿಂದ ತೂತು ಮಾಡಿ, ಕಂಬಳಿಯ ಅಂಚಿನಿಂದ ದಾರ ಎಳೆದು, ಬಿಗಿಯಾಗಿ ಹೊಲಿದಿಟ್ಟಳು. ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು.

"ನಿನ್ನ ಮರೆವು, ನನ್ನ ಸಕ್ಕರೆ, ಎರಡನ್ನೂ ಒಂದೇ ಹೊಲಿಗೆಗೆ ಹಾಕ್ಬಿಟ್ಯಲ್ಲೇ ಮಾರಾಯ್ತಿ! ಇನ್ಮೇಲೆ ನನ್ನ ಸೂಜಿನೂ ನೀನೇ ಚುಚ್ಚಿಸ್ಕೋ" ಎಂದರು ಪಕ್ಕದ ಮಂಚದ ನಿವೃತ್ತ ಟೀಚರ್. ನರ್ಸ್ ಒಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು.

ವಾರಕ್ಕೊಮ್ಮೆ ಬರುವ ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. "ಒಂದು ಸಣ್ಣ ಮಾತ್ರೆ ಕೊಡ್ತೀನಿ. ಅಮ್ಮನಿಗೂ ನೆಮ್ಮದಿ, ಇವರಿಗೂ ನೆಮ್ಮದಿ" ಎಂದರು.

"ಕೊಡಿ ಡಾಕ್ಟ್ರೇ" ಎಂದವಳು, ದೂರು ಕೇಳಿ ಬಂದಿದ್ದ ಮಗಳೇ.

ಹತ್ತು ದಿನಕ್ಕೆ ಕೈಗಳು ನಿಂತವು. ತಿಂಗಳಿಗೆ ಕಾಲುಗಳು. ಮಗಳನ್ನು ಕಂಡೊಡನೆ "ಬಂದ್ಯಾ ಮಗಾ" ಎನ್ನುತ್ತಿದ್ದ ಬಾಯಿ ಈಗ ಅರ್ಧ ತೆರೆದೇ ಇರುತ್ತಿತ್ತು. ತುತ್ತು ಇಳಿಯಬೇಕಾದರೆ ಗಂಟಲು ನೀವಬೇಕು. ಮೂರನೇ ತಿಂಗಳು ಮಗಳು ರಜೆ ಹಾಕಿ ಡಾಕ್ಟರಿಗಾಗಿ ಕಾದಳು.

"ಆ ಮಾತ್ರೆ ನಿಲ್ಸಿ ಡಾಕ್ಟ್ರೇ. ಇದು ನಮ್ಮಮ್ಮ ಅಲ್ಲ."

"ವಯಸ್ಸಮ್ಮ. ಕಾಯಿಲೆ ಮುಂದಕ್ಕೆ ಹೋಗ್ತಿದೆ."

"ಕಾಯಿಲೆನೋ ಮಾತ್ರೆನೋ, ಹೇಗೆ ಗೊತ್ತಾಗತ್ತೆ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ನಿಲ್ಸಿದ್ರೆ ಮಾತ್ರ ಗೊತ್ತಾಗತ್ತೆ."

"ಹಾಗಾದ್ರೆ ನಿಲ್ಸಿ!"

"ಎದ್ದು ಓಡಾಡಿ, ಬಿದ್ದು, ಸೊಂಟ ಮುರ್ಕೊಂಡ್ರೆ? ಮತ್ತೆ ಹಾಳೆ ಕಿತ್ತು ಯಾರದ್ದಾದ್ರೂ ಜೀವ ಹೋದ್ರೆ? ಹನ್ನೊಂದು ಜನಕ್ಕೆ ಒಬ್ಬಳು ನರ್ಸು. ಮಾತ್ರೆ ಕೊಟ್ಟಿದ್ದಕ್ಕೆ ಇದುವರೆಗೆ ನನ್ನನ್ನ ಯಾರೂ ಕೇಳಿಲ್ಲಮ್ಮ. ನಿಲ್ಸಿದ್ದಕ್ಕೆ ಎಲ್ಲರೂ ಕೇಳ್ತಾರೆ." ಅವರ ದನಿ ತಗ್ಗಿತು. "ಮನೆಗೆ ಕರ್ಕೊಂಡು ಹೋಗ್ತೀರಾ? ಇವತ್ತಿಂದಲೇ ಕಮ್ಮಿ ಮಾಡ್ತಾ ಬರ್ತೀನಿ."

ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು, ಸಂಜೆ ಏಳಕ್ಕೆ ವಾಪಸು. ನಡುವಿನ ಹನ್ನೆರಡು ಗಂಟೆ, ಬೀಗ ಹಾಕಿದ ಕೋಣೆಯೊಳಗೆ ಅಮ್ಮ. ಮಗಳು ಅಮ್ಮನ ಬಾಯಂಚನ್ನು ಸೆರಗಿನಿಂದ ಒರೆಸಿದಳು.

ಡಾಕ್ಟರು ಕಾದರು. ನಿಜವಾಗಿಯೂ ಕಾದರು. ಆಮೇಲೆ ಇನ್ನು ಮೂರು ತಿಂಗಳಿಗೆ ಅದೇ ಮಾತ್ರೆಯನ್ನು ಬರೆದು, ಸಹಿ ಹಾಕಿ, ಮುಂದಿನ ಮಂಚಕ್ಕೆ ನಡೆದರು.

"ಥ್ಯಾಂಕ್ಸ್ ಡಾಕ್ಟ್ರೇ" ಎಂದಳು ಮಗಳು.