ಅವ್ವನ ಹೆಸರಿನ ಡಬ್ಬಿಗಳು

ನಮ್ಮ ಅವ್ವನ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ. ತಟ್ಟೆ, ಲೋಟ, ಕೊನೆಗೆ ಸೌಟಿನ ಹಿಡಿಯ ಮೇಲೂ ಅವಳ ಹೆಸರು ಕೆತ್ತಿಸಿದ್ದಾಳೆ. ಪಲ್ಯ ಹಾಕಿ ನೆರೆಮನೆಗೆ ಕಳಿಸಿದ ಡಬ್ಬಿ ಹಾದಿ ತಪ್ಪಬಾರದು ಎಂಬ ಮುಂಜಾಗ್ರತೆ ಅದು. ಇಂಥವಳ ಮಗಳಾದ ನಾನು ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿಯಾಗಿ, ಹಳೇ ಹುಬ್ಬಳ್ಳಿಯ ಬಡ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ ಹಂಚುವ ಕೆಲಸ ಮೈಮೇಲೆ ಎಳೆದುಕೊಂಡೆ.

ಸಂಘದವರು ಆಟಿಕೆ ಕೊಡೋಣ ಎಂದರು. ಸಂಜೆಯೊಳಗೆ ಗಾಲಿ ಕಳಚುವ ಕಾರು ಯಾರಿಗೆ ಬೇಕು ಎಂದು ನಾನು ಜಗಳ ತೆಗೆದೆ. ಶಾಲೆಗೆ ಒಯ್ಯುವ ಸ್ಟೀಲ್ ಡಬ್ಬಿಯೇ ಆಗಬೇಕು, ಒಳಗೆ ಕರ್ಚಿಕಾಯಿ ತುಂಬಿರಬೇಕು. ನನ್ನ ಬಾಯಿಗೆ ಹೆದರಿಯೋ ಏನೋ, ಎಲ್ಲರೂ ಒಪ್ಪಿದರು. ಡಬ್ಬಿ ನಾನು ಕೊಡಿಸುತ್ತೇನೆ ಎಂದಳು ಅವ್ವ, ಒಂದು ಷರತ್ತಿನ ಮೇಲೆ.

"ನನ್ನ ಹೆಸರು ಹಾಕಸು. ಯಾರು ಕೊಟ್ಟಾರಂತ ಹುಡುಗೂರಿಗೆ ಗೊತ್ತಾಗಬೇಕಲ್ಲ."

"ಬಲಗೈಲೆ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರವ್ವಾ."

"ಎಡಗೈಗೆ ಓದಾಕ ಎಲ್ಲಿ ಬರತೈತಿ? ನೀ ಹಾಕಸು."

ಪಾತ್ರೆ ಮಾರುವ ಭಾಂಡೆ ಅಂಗಡಿಯವನು ಯಂತ್ರವನ್ನು ಗುರ್ರೆನಿಸಿ ಎಲ್ಲ ಮುಚ್ಚಳಗಳ ಮೇಲೂ ಅವ್ವನ ಹೆಸರನ್ನು ಅಡ್ಡಹೆಸರು ಸಮೇತ ಕೆತ್ತಿಕೊಟ್ಟ.

ಹಂಚುವ ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಎರಡು ಜಡೆಯ ಹುಡುಗಿಯೊಬ್ಬಳು ಡಬ್ಬಿಯನ್ನು ಲಂಗದಿಂದ ಒರೆಸಿ, ಮುಚ್ಚಳದಲ್ಲಿ ತನ್ನ ಹಲ್ಲು ನೋಡಿಕೊಂಡು, ಎದೆಗವಚಿಕೊಂಡಳು. ಇಷ್ಟು ದಿನ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುತ್ತಿದ್ದಳಂತೆ. ನಾನು ಸಂಘದವರ ಕಡೆ ನೋಡಿ ಹುಬ್ಬು ಹಾರಿಸಿದೆ.

ಹಬ್ಬ ಮುಗಿದು ವಾರವಾಗಿರಲಿಲ್ಲ, ಚರ್ಚಿನ ಹಿಂದಿರುವ ನಮ್ಮ ಮನೆಗೆ ಡಬ್ಬಿಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ತಿಕ್ಕಿ ತೊಳೆದು ಫಳಫಳ ಮಾಡಿ, ಸಾಲದ್ದಕ್ಕೆ ಏನಾದರೊಂದು ತುಂಬಿಸಿ ಬೇರೆ ಕಳಿಸಿದ್ದರು. ಒಂದರಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಹಚ್ಚಿದ ಅವಲಕ್ಕಿ. ಏನೂ ಇಲ್ಲದವರು ಒಂದು ಹಿಡಿ ಸಕ್ಕರೆ ಹಾಕಿದ್ದರು. ಹೆಸರಿದ್ದ ಡಬ್ಬಿ ಹೆಸರಿನವರದ್ದೇ. ಕರ್ಚಿಕಾಯಿ ಮಾತ್ರ ಮಕ್ಕಳಿಗೆ ಎಂದುಕೊಂಡಿದ್ದರು. ಮಂದಿಯ ಡಬ್ಬಿ ಇಟ್ಟುಕೊಳ್ಳಬಾರದು, ಖಾಲಿಯೂ ಕಳಿಸಬಾರದು ಎಂದು ಅವ್ವ ನನಗೆ ಕಲಿಸಿದ್ದನ್ನೇ ಅವರಿಗೆ ಅವರ ಅವ್ವಂದಿರೂ ಕಲಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಕಾರುವುದೆಂದು ತಿಳಿಯದೆ ಚಟ್ನಿ ನೆಕ್ಕಿದೆ. ಚೆನ್ನಾಗಿತ್ತು.

ಎರಡು ಜಡೆಯ ಹುಡುಗಿಯನ್ನೂ ಅವಳ ತಾಯಿ ಕರೆತಂದಳು. ಹುಡುಗಿಯ ಕಣ್ಣು ಅತ್ತು ಕೆಂಪಾಗಿತ್ತು.

"ತಡಾ ಆತ್ರಿ ಅಕ್ಕಾರ," ಎಂದಳು ತಾಯಿ. "ಈಕಿ ಡಬ್ಬಿ ಕೊಡಾಕ ಒಲ್ಲೆ ಅಂತ ಕುಂತಿದ್ಲು."

"ಡಬ್ಬಿ ಆಕೀಗೇ ಕೊಟ್ಟಿದ್ದವಾ. ಇಟ್ಕೋರಿ."

"ಬ್ಯಾಡ್ರಿ. ಮ್ಯಾಲ ನಿಮ್ಮ ಮನಿ ಹೆಸರೈತಿ. ನಾಳೆ ಸಾಲ್ಯಾಗ ಇದು ಯಾರದಂತ ಕೇಳಿದ್ರ, ನನ್ನ ಮಗಳು ಕಳ್ಳಿ ಆಗತಾಳ್ರಿ."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು. ಮಾತು ಕೇಳಿ ಒಳಗಿನಿಂದ ಬಂದ ಅವ್ವ ಡಬ್ಬಿಗೆ ಕೈ ಚಾಚಿದಳು. ಹುಡುಗಿ ಮಾತ್ರ ಡಬ್ಬಿ ಬಿಡದೆ ಮುಚ್ಚಳದ ಮೇಲೆ ಬೆರಳಿಟ್ಟಳು.

"ಇಲ್ಲೆ ಕೆಳಗ ಜಾಗಾ ಐತಲ್ರಿ ಅಜ್ಜಿ. ನನ್ನ ಹೆಸರೂ ಹಾಕಸ್ರಿ."

ಅವ್ವ ಹುಡುಗಿಯ ತಾಯಿಯ ಮುಖ ನೋಡಿದಳು. ತಾಯಿ ಆಗಲಿ ಎಂದು ತಲೆಯಾಡಿಸಿದಳು.

"ಹಾಕಸು," ಎಂದಳು ಅವ್ವ ನನಗೆ. "ನನ್ನದಕ್ಕಿಂತ ದೊಡ್ಡದು ಹಾಕಸು."

ಎಲ್ಲ ಡಬ್ಬಿಗಳನ್ನೂ ಚೀಲಕ್ಕೆ ತುಂಬಿ ಮತ್ತೆ ಭಾಂಡೆ ಅಂಗಡಿಗೆ ಹೊತ್ತೆ. ಈ ಸಲ ಮಕ್ಕಳೂ ಬಂದು, ತಮ್ಮ ಹೆಸರು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಅಂಗಡಿಯವನ ತಲೆ ತಿಂದರು. ಅಷ್ಟಾದ ಮೇಲೆ ಒಂದು ಡಬ್ಬಿಯೂ ವಾಪಸ್ ಬರಲಿಲ್ಲ.

ಯುಗಾದಿಯ ದಿನ ಮಾತ್ರ ಒಂದು ಡಬ್ಬಿ ಬಂತು, ಒಂದೇ ಒಂದು. ಎರಡು ಜಡೆಯವಳು ಡಬ್ಬಿ ತುಂಬ ಹೋಳಿಗೆ ತಂದಿದ್ದಳು. ಅವ್ವ ಅದನ್ನು ತೆಗೆದುಕೊಂಡು, ರೂಢಿಯಂತೆ ತನ್ನ ಪಾತ್ರೆಗಳ ಸಾಲಿನಲ್ಲಿ ಇಟ್ಟುಬಿಟ್ಟಳು. ಹುಡುಗಿ ಬಾಗಿಲು ಬಿಟ್ಟು ಕದಲಲಿಲ್ಲ.

"ಯಾಕವಾ, ಇನ್ನೇನು?"

"ಡಬ್ಬಿ ಕೊಡ್ರಿ ಅಜ್ಜಿ. ಅದು ನನ್ನದೈತಿ. ಮಂದಿ ಮನ್ಯಾಗ ಬಿಟ್ಟು ಬರಬ್ಯಾಡ ಅಂದಾಳ ನಮ್ಮವ್ವ."

ಅವ್ವ ಗಡಬಡಿಸಿ ಹೋಳಿಗೆ ತಟ್ಟೆಗೆ ಸುರಿದು, ಡಬ್ಬಿ ತೊಳೆದು, ಅದನ್ನು ತುಂಬಿಸಲು ಏನಾದರೂ ಇದೆಯೇ ಎಂದು ಅಡುಗೆಮನೆಯೆಲ್ಲ ತಡಕಾಡಿದಳು. ಹಬ್ಬ ನಮ್ಮದಲ್ಲವಲ್ಲ, ಆ ದಿನ ಏನೂ ಮಾಡಿರಲಿಲ್ಲ. ಕೊನೆಗೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಳು.