ಬೀಗರೂಟದ ದಿನಗಳಲ್ಲಿ ರಕ್ತನಾಳ ಸಂರಕ್ಷಣೆ

ಮನುಷ್ಯನ ಆಯುಸ್ಸನ್ನು ಬ್ರಹ್ಮನು ಹಣೆಯಲ್ಲಿ ಬರೆದಿರುತ್ತಾನೆಂಬುದು ಪ್ರಾಜ್ಞರ ಮತ. ಬಂಗಾರಪೇಟೆ ಸೀಮೆಯಲ್ಲಿ ಮಾತ್ರ ಆ ಬರಹವನ್ನು ತಿದ್ದುವ ಅಧಿಕಾರ ಬಡಿಸುವವರ ಸೌಟಿಗಿದೆ.

ಎಂಬತ್ತರ ದಶಕದ ಕೊನೆಯಲ್ಲಿ, ಚಿನ್ನದ ಗಣಿಯ ಕಚೇರಿಯಲ್ಲಿ ಕುರ್ಚಿ ಸವೆಸುತ್ತಿದ್ದ ನಾನು ಮಗಳು ಸುಜಾತಳನ್ನು ಬಂಗಾರಪೇಟೆ ಬಳಿಯ ಹಳ್ಳಿಯೊಂದಕ್ಕೆ ಧಾರೆಯೆರೆದು ಕೊಟ್ಟೆ. ಒಳ್ಳೆಯ ಮನೆ; ಹೊಲ, ಹಸು, ಊರು ತುಂಬ ದಾಯಾದಿಗಳು. ಮದುವೆಯಾದ ಮೇಲೆ ವಾರಕ್ಕೊಂದು ದಾಯಾದಿ ಮನೆಯಲ್ಲಿ ಬೀಗರೂಟ: ಮುದ್ದೆ, ಕೊಬ್ಬು ತೇಲುವ ಕುರಿಸಾರು, ಕೊನೆಗೆ ತುಪ್ಪದಲ್ಲಿ ಮಿಂದ ಒಬ್ಬಟ್ಟು. ಹೆಣ್ಣಿನ ತಂದೆ ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ಎಲೆಯಿಂದ ಕೈ ಹಿಂದೆಗೆದನೆಂದರೆ, ಆ ಎರಡನೆಯ ಮನೆಯವರು ಅದನ್ನು ಅವನ ಮಗಳಿಗೆ ಜೀವಮಾನವಿಡೀ ನೆನಪಿಸುತ್ತಾರೆ.

ಇಂಥ ಪುಣ್ಯಕಾಲದಲ್ಲೇ ರಾಬರ್ಟ್‌ಸನ್‌ಪೇಟೆಯ ನಮ್ಮ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಪಾದರಸ ನೋಡಿ, ರಕ್ತದೊತ್ತಡ ಏರಿದೆ, ಬಾಯಿಗೆ ಬೀಗ ಹಾಕಬೇಕೆಂದರು. ನಾನು ಬೀಗರ ವಿಷಯ ನಿವೇದಿಸಿಕೊಂಡೆ. ಅವರೂ ಹೆಣ್ಣು ಹೆತ್ತವರು. ರಕ್ತನಾಳವೆಂದರೆ ಬರಿಯ ಪೈಪಲ್ಲ, ರಕ್ತ ಹೆಚ್ಚು ಹರಿದಾಗ ತಾನೂ ಹಿಗ್ಗಬೇಕು, ಜಿಡ್ಡಿನೂಟ ಅದನ್ನು ಬಿಗಿಗೊಳಿಸಿದರೆ ದಿನದಿನದ ಬಿರುಸು ನಡಿಗೆ ಮೆದುವಾಗಿಡುತ್ತದೆ ಎಂದು ತಿಳಿಸಿ, "ಉಣ್ಣೋದು ತಪ್ಪೋ ಹಾಗಿಲ್ಲ ಅಂದ್ರೆ ನಡೆಯೋದೂ ತಪ್ಪಿಸ್ಬೇಡಿ. ಇನ್ನೂ ಏರಿದ್ರೆ ಮಾತ್ರ ನಿಮ್ಮ ಬೀಗರಿಗೆ ನಾನೇ ಚೀಟಿ ಬರೀತೀನಿ" ಎಂದರು. ರೋಗಿಷ್ಠರ ಮನೆಯ ಹೆಣ್ಣೆಂಬ ಬಿರುದು ಸುಜಾತಳಿಗೆ ಬರುವುದನ್ನು ನೆನೆದೇ ನನ್ನ ಒತ್ತಡ ಇನ್ನಷ್ಟು ಏರಿರಬೇಕು.

ಮರುದಿನ ಮುಂಜಾನೆ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು ಮಾರಿಕುಪ್ಪಂ ಕಡೆಯ ರಸ್ತೆಯಲ್ಲಿ ಹೊರಟೆ. ಓದುಗ ಮಿತ್ರರೇ, ಗಣಿಯೂರಿಗೊಂದು ಅಲಿಖಿತ ಶಾಸನವಿದೆ: ಕಚೇರಿಯವನು ಹೊತ್ತಲ್ಲದ ಹೊತ್ತಿನಲ್ಲಿ ಬಿರಬಿರನೆ ನಡೆದನೆಂದರೆ ನೆಲದಡಿಯಲ್ಲಿ ಏನೋ ಆಗಿದೆ. ಹಿಂದಿನ ಸಂಜೆ ಕೆಳಗೆಲ್ಲೋ ಬಂಡೆ ಸಿಡಿದು ಮನೆಮನೆಯ ಪಾತ್ರೆ ಗಡಗಡಿಸಿತ್ತು. ನಮಗದು ಮಾಮೂಲು, ನಾನು ಮರೆತೇಬಿಟ್ಟಿದ್ದೆ. ತಿರುವಿನಲ್ಲಿ ಹಿಂದೆ ನೋಡಿದರೆ ಕೂಲಿಲೈನಿನ ಹೆಂಗಸರು ಗುಂಪಾಗಿ ನನ್ನ ಬೆನ್ನಿಗಿದ್ದಾರೆ. ಮುಂದಿದ್ದವಳು ಸೆಲ್ವಿ, ಗಂಡ ರಾತ್ರಿಪಾಳಿಗೆ ಶಾಫ್ಟೆಂಬ ಬಾವಿಯಲ್ಲಿ ಗಣಿಗಿಳಿದವನು ಇನ್ನೂ ಮೇಲೆ ಬಂದಿರಲಿಲ್ಲ.

"ಯಾವ ಶಾಫ್ಟು ಅಣ್ಣಾ?" ಎಂದಳು.

ಆ ಕ್ಷಣ ನನ್ನ ರಕ್ತನಾಳಗಳ ಘನತೆ ಬಹಳ ಕುಗ್ಗಿತು.

"ಯಾವ ಶಾಫ್ಟೂ ಇಲ್ಲಮ್ಮ. ನನಗೆ ಬಿ.ಪಿ."

ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತಳು. ಉಸಿರು ತಹಬಂದಿಗೆ ಬಂದ ಮೇಲೆ ನನ್ನ ಬೂಟನ್ನು ನಿಧಾನವಾಗಿ ನೋಡಿದಳು. "ನಿಮ್ ಬಿ.ಪಿ. ಇಳ್ಸೋಕೋಗಿ ನಮ್ಗೆ ತರಿಸ್ತೀರಾ? ನಾಳೆಯಿಂದ ಕೈಯಾಗೆ ಒಂದು ಆಲಿನ ಕ್ಯಾನಾದ್ರೂ ಇಟ್ಕಳಿ."

ಹಾಲು ತರುವವನ ಅವಸರಕ್ಕೆ ಯಾರೂ ಹೆದರುವುದಿಲ್ಲ. ಹೀಗಾಗಿ ದಿನಾ ಮುಂಜಾನೆ ಖಾಲಿ ಕ್ಯಾನಿನೊಡನೆ ನಡೆದೆ. ಭಾನುವಾರಗಳಲ್ಲಿ ಬಂಗಾರಪೇಟೆಯ ರೈಲು ಹತ್ತಿ ಹೋಗಿ ಬೀಗರೂಟ ಉಂಡೆ. ಪ್ರತಿ ಮನೆಯಲ್ಲೂ ಸುಜಾತ ಬಾಗಿಲ ಮರೆಯಿಂದ ನನ್ನ ಎಲೆಯನ್ನೇ ನೋಡುತ್ತಿದ್ದಳು. ಬೀಗರ ಅಣ್ಣ ಎದುರು ನಿಂತು, "ಕೋಳಿ ಕುಕ್ಕಿದಂಗೆ ಉಂಡ್ರೆ ಎಂಗೆ ಬೀಗ್ರೆ? ಇನ್ನೊಂದು ಮುದ್ದೆ ಆಕ್ಲಾ ಅವ್ರಿಗೆ" ಎಂದು ಬಡಿಸುವವನಿಗೆ ಆಜ್ಞಾಪಿಸುತ್ತಿದ್ದರು. ನಾನು ಮುದ್ದೆಯನ್ನು ನುಂಗಿ, ಮರುದಿನದ ರಸ್ತೆಯನ್ನು ಮನಸ್ಸಿನಲ್ಲೇ ಉದ್ದ ಮಾಡಿಕೊಳ್ಳುತ್ತಿದ್ದೆ.

ಕೊನೆಯ ದಾಯಾದಿಯ ಊಟ ಮುಗಿದ ಮೇಲೆ ಡಾಕ್ಟರು ಮತ್ತೆ ಪಟ್ಟಿ ಸುತ್ತಿದರು. ತೂಕ ಕೊಂಚ ಏರಿತ್ತು. ರಕ್ತದೊತ್ತಡ ಇಳಿದಿತ್ತು. ಸುಜಾತಳ ಮುಂದೆ ಇದುವರೆಗೆ ಯಾರೂ ಅಪ್ಪನ ಊಟದ ಮಾತೆತ್ತಿಲ್ಲ.