ಹಕ್ಕಿಗೊಂದು ಬಾಣಂತನ

ಹೊಸದಾಗಿ ತಂದ, ಪುಟ್ಟ ಗಿಳಿಯಂಥ ಹಸಿರು ಬಡ್ಜಿ ಹಕ್ಕಿ ನನ್ನ ಯಜಮಾನರ ಕೈಯಲ್ಲಿದ್ದ ನವಣೆ ತೆನೆಯನ್ನು ಕುಕ್ಕಿದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಹೊಸೂರಿನ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ನಡುವೆ ದುಡಿಯುವ ಅವರಿಗೆ ಮನೆಯಲ್ಲೂ ಕೂಗಿ ಮಾತಾಡುವುದೇ ರೂಢಿ. ತಂದ ದಿನ ಅವರು ಬಾಯಿ ತೆರೆದಾಗಲೆಲ್ಲ ಹಕ್ಕಿ ಮೂಲೆಯಲ್ಲಿ ಮುದುಡಿಕೊಳ್ಳುತ್ತಿತ್ತು. ಕಾಳನ್ನೂ ಮುಟ್ಟಲಿಲ್ಲ. ಅತ್ತೆ ಪಂಜರದ ಮೂರು ಕಡೆಗೂ ತಮ್ಮ ಹಳೇ ಸೀರೆ ಹೊದಿಸಿ ಮಗನನ್ನು ಗದರಿದರು: "ಬಾಣಂತಿ ಕೋಣೆ ಇದ್ದಂಗೆ ಕಣ್ಲಾ ಇದು. ಮೆತ್ತಗೆ ಮಾತಾಡು, ನೋಡಕ್ಕೆ ಅಂತ ಯಾರ್ನೂ ಕರೀಬ್ಯಾಡ."

ಅಂದಿನಿಂದ ಅವರು ಶಿಫ್ಟ್ ಮುಗಿಸಿ ಬಂದವರೇ ಪಂಜರದ ಪಕ್ಕ ಸುಮ್ಮನೆ ಕೂರುತ್ತಿದ್ದರು. ಈಗ ತೆನೆ ಅಲುಗದಂತೆ ಹಿಡಿದು ಪಿಸುಗುಟ್ಟಿದರು: "ತಿಂತಾ ಅದೆ ಕಣೇ!"

ಮದುವೆಯಾದ ಮೇಲೆ ನಾನು ಅವರ ಪಿಸುಮಾತು ಕೇಳಿದ್ದು ಅದೇ ಮೊದಲು. ಬೀದಿಗೆಲ್ಲ ಕೇಳುವಂತೆ ಹೆಮ್ಮೆಯಿಂದ ಕೂಗಿ ಹೇಳಬೇಕೆನಿಸಿತು. ಹಕ್ಕಿ ಇನ್ನೂ ತಿನ್ನುತ್ತಿತ್ತು, ಸುಮ್ಮನಾದೆ.